ಬಯಲೂ ಒಂದು ಕಾಡೇ!

ಎರಡು ವರ್ಷದ ಹಿಂದಿನ ಮಾತು. ಕಡೂರು ಕಡೆಯ ನಮ್ಮ ಹಳ್ಳಿಯಿಂದ ತಂದೆಯವರು ಮೂರು ತಿಂಗಳ ಮಟ್ಟಿಗೆ ನೈಮೆಗನ್‌ಗೆ ಬಂದಿದ್ದರು. ಒಂದು ಭಾನುವಾರ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಮನೆಮಂದಿಯೆಲ್ಲ ಮಿಲ್ಲಿಂಗರ್‌ವಾರ್ಡ್‌ಗೆ ಹೊರಟೆವು. ನೈಮೆಗನ್‌ನ ಪೂರ್ವಕ್ಕೆ, ವಾಲ್ ನದಿಯ ದಂಡೆಯ ಮೇಲಿರುವ ಈ ಜಾಗ ನಮ್ಮಲ್ಲಿ ಅನೇಕರಿಗೆ ಪರಿಚಿತವೇ. ಉದ್ದ ಕೂದಲಿನ ಗ್ಯಾಲೊವೇ ದನಗಳೂ ಬೂದು ಬಣ್ಣದ ಕೋನಿಕ್ ಕುದುರೆಗಳೂ ತಮ್ಮ ಪಾಡಿಗೆ ತಾವು ಮೇಯುತ್ತಿದ್ದವು. ತಂದೆಯವರು ಸುತ್ತಲೂ ನೋಡಿ, "ಕಾಯುವವರು ಯಾರೂ ಕಾಣರಲ್ಲ! ಸಂಜೆ ಕೊಟ್ಟಿಗೆಗೆ ಹೊಡೆಯುವವರು ಯಾರು?" ಎಂದು ಕೇಳಿದರು.

ಇಷ್ಟು ವರ್ಷ ಇಲ್ಲಿದ್ದರೂ ನಮಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಆ ಪ್ರಾಣಿಗಳಿಗೆ ಕೊಟ್ಟಿಗೆಯೇ ಇಲ್ಲ. ಮಳೆ, ಹಿಮ, ಚಳಿ ಎನ್ನದೆ ವರ್ಷವಿಡೀ ಅಲ್ಲೇ ಅವುಗಳ ವಾಸ. ಹಿಂದೆ ಇದು ಹೊಲಗದ್ದೆ ಮತ್ತು ಇಟ್ಟಿಗೆಗಾಗಿ ಜೇಡಿಮಣ್ಣು ತೆಗೆಯುವ ಜಾಗವಾಗಿತ್ತು. 1986ರಲ್ಲಿ ಕೆಲವು ತಜ್ಞರು "ಪ್ಲಾನ್ ಓಯೆವಾರ್" ಅಂದರೆ ಕೊಕ್ಕರೆ ಯೋಜನೆ ಎಂಬುದನ್ನು ಮುಂದಿಟ್ಟರು. ನದಿಯ ಅಂಚಿನ ಭೂಮಿಯನ್ನು ನದಿಗೂ ಕಾಡಿಗೂ ಮರಳಿ ಕೊಡೋಣ ಎಂಬುದು ಅದರ ತಿರುಳು. 1990ರ ದಶಕದ ಆರಂಭದಲ್ಲಿ ಇಲ್ಲಿ ಮೇಯುವ ಪ್ರಾಣಿಗಳನ್ನು ಬಿಟ್ಟರು. 1994ರಲ್ಲಿ ಈ ಪ್ರದೇಶಕ್ಕೆ ಬೀವರ್‌ಗಳನ್ನೂ ತಂದು ಬಿಟ್ಟರು.

ಕಾಡು ಬೇಕೆಂದರೆ ಸುಮ್ಮನೆ ಗಿಡ ನೆಟ್ಟರಾಯಿತಲ್ಲ, ದನ ಏಕೆ? ಸ್ವಾರಸ್ಯ ಇರುವುದೇ ಇಲ್ಲಿ. ಹಾಗೇ ಬಿಟ್ಟರೆ ಇಡೀ ಬಯಲು ವಿಲ್ಲೋ ಮರಗಳ ಪೊದೆಯಾಗಿ ಮುಚ್ಚಿಹೋಗುತ್ತದೆ. ಪದೇ ಪದೇ ಯಂತ್ರದಿಂದ ಕತ್ತರಿಸಿದರೆ ಎಲ್ಲೆಡೆ ಒಂದೇ ಎತ್ತರದ ಹುಲ್ಲುಹಾಸು. ಮೇಯುವ ಪ್ರಾಣಿ ಇವೆರಡರ ನಡುವಿನ ದಾರಿ ಹಿಡಿಯುತ್ತದೆ. ಹಸುವಿಗೆ ಮೇಲಿನ ಮುಂದಿನ ಹಲ್ಲುಗಳಿಲ್ಲ. ನಾಲಿಗೆಯಿಂದ ಹುಲ್ಲನ್ನು ಸುತ್ತಿ ಕೀಳುತ್ತದೆ. ಕುದುರೆಗೆ ಮೇಲೂ ಕೆಳಗೂ ಹಲ್ಲಿರುವುದರಿಂದ ನೆಲಮಟ್ಟಕ್ಕೆ ಕತ್ತರಿಸುತ್ತದೆ. ಹೀಗೆ ಒಂದು ಕಡೆ ಗಿಡ್ಡ ಹುಲ್ಲು, ಪಕ್ಕದಲ್ಲೇ ಎತ್ತರದ ಹುಲ್ಲು, ಆಚೆ ಮುಳ್ಳುಪೊದೆ, ನಡುವೆ ಬಿಡಿ ಮರಗಳು. ಸಗಣಿಯಲ್ಲಿ ಜೀರುಂಡೆ, ಜೀರುಂಡೆಗಾಗಿ ಹಕ್ಕಿ, ಕುದುರೆ ಹೊರಳಾಡಿದ ಮರಳಿನಲ್ಲಿ ಕಾಡುಜೇನಿನ ಬಿಲ. ಎಲ್ಲರಿಗೂ ಒಂದೊಂದು ಮನೆ!

ಮುಳ್ಳಿಗೂ ಇಲ್ಲಿ ಕೆಲಸವಿದೆ. ಮುಳ್ಳುಪೊದೆಯೊಳಗೆ ಹುಟ್ಟಿದ ಓಕ್ ಸಸಿಗೆ ದನ ಬಾಯಿ ಹಾಕಲಾರದು. ಅದು ಬೆಳೆದು ಮರವಾಗುತ್ತದೆ. ನಮ್ಮ ಹಳ್ಳಿಯಲ್ಲಿ ಸಸಿಯ ಸುತ್ತ ಜಾಲಿಮುಳ್ಳು ಕಟ್ಟುವುದಿಲ್ಲವೇ, ಹಾಗೆಯೇ. ಯೂರೋಪಿನ ಪ್ರಾಚೀನ ಕಾಡು ದಟ್ಟ ಕತ್ತಲ ಕಾಡಾಗಿರಲಿಲ್ಲ, ಕಾಡುದನಗಳು ಮೇಯ್ದು ತೆರೆದಿಟ್ಟ ಕಾಡಾಗಿತ್ತು ಎಂದು ಡಚ್ ವಿಜ್ಞಾನಿ ಫ್ರಾನ್ಸ್ ವೇರಾ ವಾದಿಸಿದರು. ಎಲ್ಲ ವಿಜ್ಞಾನಿಗಳೂ ಇದನ್ನು ಪೂರ್ತಿ ಒಪ್ಪಿಲ್ಲ. ಆದರೆ ತೆರೆದ ಕಾಡಿಗೂ ಅದರದೇ ಆದ ಜೀವಸಂಕುಲವಿದೆ ಎಂಬುದರಲ್ಲಿ ಅನುಮಾನವಿಲ್ಲ.

ಅತಿಯಾದರೆ ಅಮೃತವೂ ವಿಷ. ಇದೇ ದೇಶದ ಊಸ್ಟ್‌ವಾರ್ಡರ್ಸ್‌ಪ್ಲಾಸೆನ್ ಎಂಬಲ್ಲಿ ಬೇಲಿಯೊಳಗೆ ಪ್ರಾಣಿಗಳ ಸಂಖ್ಯೆ ಬೆಳೆಯುತ್ತಲೇ ಹೋಯಿತು. 2017-18ರ ಚಳಿಗಾಲದಲ್ಲಿ ಮೇವಿಲ್ಲದೆ ಬಡಕಲಾಗಿ 3,000ಕ್ಕೂ ಹೆಚ್ಚು ಪ್ರಾಣಿಗಳು ಸತ್ತವು; ಹೆಚ್ಚಿನವನ್ನು ನರಳದಿರಲೆಂದು ಗುಂಡಿಕ್ಕಿ ಕೊಲ್ಲಬೇಕಾಯಿತು. ಮಿಲ್ಲಿಂಗರ್‌ವಾರ್ಡ್‌ನಲ್ಲಿ ಹಾಗಾಗದಂತೆ ಹೆಚ್ಚುವರಿ ಪ್ರಾಣಿಗಳನ್ನು ಹೊರಗೆ ಸಾಗಿಸುತ್ತಾರೆ. ಎಷ್ಟು ದನ ಎಂಬ ಲೆಕ್ಕವೇ ಇಲ್ಲಿ ಮುಖ್ಯ.

ಇದನ್ನೆಲ್ಲ ವಿವರಿಸಿದಾಗ ತಂದೆಯವರು ನಕ್ಕು, "ಇದು ನಮ್ಮ ಕಾವಲಲ್ಲವೇನೋ!" ಎಂದರು. ನಿಜ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆಂದು ಮೀಸಲಿಟ್ಟ ಕಾವಲುಗಳು ಇಂಥವೇ: ಹುಲ್ಲು, ಅಲ್ಲಲ್ಲಿ ಜಾಲಿ, ಮೇಯುವ ದನ, ಜೊತೆಗೆ ಕೃಷ್ಣಮೃಗ ಮತ್ತು ತೋಳ. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಲಾಗಿದೆ. ಆದರೆ ಸರ್ಕಾರಿ ಕಡತದಲ್ಲಿ ಇಂಥ ಎಷ್ಟೋ ನೆಲಕ್ಕೆ "ಪಾಳು ಭೂಮಿ" ಎಂಬ ಹೆಸರು. ಪಾಳು ಎಂದ ಮೇಲೆ ಗಿಡ ನೆಡುವ ಆಸೆ! 1974ರಲ್ಲಿ ಕೃಷ್ಣಮೃಗಕ್ಕಾಗಿ ಅಭಯಾರಣ್ಯವಾದ ರಾಣೆಬೆನ್ನೂರಿನಲ್ಲೂ ವಿಸ್ತಾರವಾದ ನೀಲಗಿರಿ ತೋಪುಗಳಿವೆ. ಹುಲ್ಲುಬಯಲಿನ ನೆಲದ ಮೇಲೆ ಮೊಟ್ಟೆಯಿಡುವ ಎರೆಭೂತ ಹಕ್ಕಿಗೆ ದೂರದವರೆಗೆ ಕಾಣುವ ತೆರೆದ ಜಾಗ ಬೇಕು. ತೋಪಿನೊಳಗೆ ಅದು ಬಾಳಲಾರದು.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ನಾವು ನಾಲ್ಕು ಮನೆಯವರು ಹಣ ಕೂಡಿಸಿ ನಮ್ಮ ಹಳ್ಳಿಯ ಗೋಮಾಳದಲ್ಲಿ ಅಕೇಶಿಯ ಸಸಿ ನೆಡಿಸಿದ್ದೆವು. ಸಾಲಾಗಿ ನಿಂತ ಹಸಿರಿನ ಫೋಟೋ ನೋಡಿ ಹೆಮ್ಮೆಪಟ್ಟಿದ್ದೆವು. ಆ ದಿನ ನದಿದಂಡೆಯಲ್ಲಿ ಕುಳಿತು ತಂದೆಯವರು ಮೆಲ್ಲಗೆ ಹೇಳಿದರು: "ಈಗ ಅದರಡಿ ಹುಲ್ಲು ಹುಟ್ಟುವುದಿಲ್ಲ. ಕುರಿಯವರು ಬೇರೆ ಊರಿಗೆ ಹೋಗುತ್ತಾರೆ. ಗೌಜಲಕ್ಕಿ ಕೂಗು ಕೇಳಿ ಎಷ್ಟೋ ಕಾಲವಾಯಿತು. ನೀವು ಪ್ರೀತಿಯಿಂದ ಮಾಡಿದ್ದು, ಹೇಗೆ ಹೇಳಲಿ ಅಂತ ಸುಮ್ಮನಿದ್ದೆ." ನಮಗೆ ಮಾತೇ ಹೊರಡಲಿಲ್ಲ. ಸಾಫ್ಟ್‌ವೇರ್ ಕೆಲಸದಲ್ಲಿ ಬಳಸುವವರನ್ನು ಕೇಳದೆ ಒಂದು ಸಾಲೂ ಬದಲಿಸದ ನಾವು, ಅಲ್ಲಿ ಕುರಿ ಕಾಯುವವರನ್ನು ಒಂದು ಮಾತೂ ಕೇಳಿರಲಿಲ್ಲ.

ಆದ್ದರಿಂದ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ಊರಿನಲ್ಲಿ ಗಿಡ ನೆಡಲು ಹಣ ಕೊಡುವ ಮುನ್ನ ಮೂರು ಪ್ರಶ್ನೆ ಕೇಳೋಣ. ಈ ನೆಲ ಮೊದಲು ಕಾಡಾಗಿತ್ತೇ, ಬಯಲಾಗಿತ್ತೇ? ಈಗ ಅಲ್ಲಿ ಯಾರು ಮೇಯಿಸುತ್ತಾರೆ, ಅವರ ಅಭಿಪ್ರಾಯವೇನು? ಯಾವ ಗಿಡ ನೆಡುತ್ತಾರೆ? ಕೆರೆ ಏರಿ, ಶಾಲೆಯಂಗಳ, ರಸ್ತೆಯ ಬದಿ, ಬೋಳಾದ ಹಳೆಯ ಕಾಡು, ಇಲ್ಲೆಲ್ಲ ಗಿಡ ಧಾರಾಳವಾಗಿ ಬೇಕು. ಬಯಲಿಗೆ ಬೇಕಿರುವುದು ಹುಲ್ಲಿನ ಬೀಜ, ನೀರಿನ ಹೊಂಡ, ಮೇವಿನ ಲೆಕ್ಕ ಮತ್ತು ಕಾಯುವವನ ಬಗ್ಗೆ ಗೌರವ.

ಈ ಬೇಸಿಗೆಯಲ್ಲಿ ಮಕ್ಕಳನ್ನು ಮಿಲ್ಲಿಂಗರ್‌ವಾರ್ಡ್‌ಗೆ ಕರೆದುಕೊಂಡು ಹೋಗಿ. ಪ್ರಾಣಿಗಳು ಸಾಧುವಾಗಿ ಕಂಡರೂ ದೂರದಲ್ಲೇ ನಿಲ್ಲಿ, ತಿಂಡಿ ಕೊಡಬೇಡಿ, ತಾಯಿ-ಕರುವಿನ ನಡುವೆ ಹೋಗಬೇಡಿ. ಅಜ್ಜ ಅಜ್ಜಿ ಬಂದಿದ್ದರೆ ಅವರನ್ನೂ ಕರೆದೊಯ್ದು ಊರಿನ ಕಾವಲಿನ ಕಥೆ ಕೇಳಿ. ನಮಗಿಂತ ಹೆಚ್ಚು ಅವರಿಗೆ ಗೊತ್ತಿದೆ.