ಕೊಟ್ಟಿಗೆಯ ನೀರಿನಲ್ಲಿ ಹಾರ್ಮೋನಿನ ಜಾಡು

ಮೂತ್ರದಲ್ಲಿ ಹಾರ್ಮೋನು ಇರುತ್ತದೆಂಬುದು ವಿಜ್ಞಾನಕ್ಕೆ ಹಳೆಯ ವಿಷಯ. ಅಮೆರಿಕದ ಎಡ್ವರ್ಡ್ ಡಾಯ್ಸಿ ಮತ್ತು ಜರ್ಮನಿಯ ಅಡಾಲ್ಫ್ ಬ್ಯುಟೆನಾಂಡ್ಟ್ 1929ರಲ್ಲಿ ಬೇರೆಬೇರೆಯಾಗಿ ಈಸ್ಟ್ರೋನ್ ಎಂಬ ಹೆಣ್ಣು ಹಾರ್ಮೋನನ್ನು ಶುದ್ಧರೂಪದಲ್ಲಿ ಪಡೆದದ್ದು ಗರ್ಭಿಣಿಯರ ಮೂತ್ರದಿಂದಲೇ. ಗಂಡು ಕುದುರೆಯ ಮೂತ್ರದಲ್ಲೂ ಇದೇ ಬಗೆಯ ಹಾರ್ಮೋನು ಹೇರಳವಾಗಿದೆ ಎಂದು 1934ರಲ್ಲಿ ಬರ್ನ್‌ಹಾರ್ಡ್ ಜೋಂಡೆಕ್ ತೋರಿಸಿಕೊಟ್ಟರು. ಗಬ್ಬದ ಕುದುರೆಗಳ ಮೂತ್ರದಿಂದ ತಯಾರಾದ ‘ಪ್ರೆಮರಿನ್’ ಮಾತ್ರೆ 1942ರಲ್ಲಿ ಅಮೆರಿಕದ ಔಷಧದಂಗಡಿಗೂ ಬಂತು. ಹೀಗೆ ಮೂತ್ರವನ್ನು ಹಿಡಿದಿಟ್ಟು ಮಾರಿದ ಜಗತ್ತಿಗೆ, ಹಿಡಿದಿಡದೆ ಹರಿದುಹೋದ ಮೂತ್ರ ಹಳ್ಳಕೊಳ್ಳದಲ್ಲಿ ಏನು ಮಾಡುತ್ತದೆಂದು ಕೇಳಿಕೊಳ್ಳಲು ಮತ್ತೆ ಅರ್ಧ ಶತಮಾನವೇ ಹಿಡಿಯಿತು.

ಮೀನುಗಳು ಕೊಟ್ಟ ಸಾಕ್ಷಿ

ಆ ಪ್ರಶ್ನೆಯನ್ನು ಎತ್ತಿದ್ದು ಬ್ರಿಟನ್ನಿನ ನದಿಗಳು. ಬ್ರೂನೆಲ್ ವಿಶ್ವವಿದ್ಯಾಲಯದ ಜಾನ್ ಸಂಪ್ಟರ್ ಮತ್ತು ಸಂಗಡಿಗರು, ಕೊಳಚೆ ಶುದ್ಧೀಕರಣ ಘಟಕಗಳಿಂದ ಹೊರಬೀಳುವ ನೀರಿನಲ್ಲಿ ಪಂಜರ ಇಳಿಸಿ ಟ್ರೌಟ್ ಮೀನುಗಳನ್ನು ಬಿಟ್ಟರು. ಮೊಟ್ಟೆಯ ಹಳದಿಗೆ ಬೇಕಾಗುವ, ಹೆಣ್ಣು ಮೀನಿನಲ್ಲಷ್ಟೇ ಇರಬೇಕಾದ ಪ್ರೋಟೀನು ಗಂಡು ಮೀನುಗಳ ರಕ್ತದಲ್ಲೂ ಕಾಣಿಸಿಕೊಂಡಿತು. ಇದು ಪ್ರಕಟವಾದದ್ದು 1994ರಲ್ಲಿ. ನಾಲ್ಕು ವರ್ಷಗಳ ನಂತರ ಕಾರಣಗಳೂ ಸಿಕ್ಕವು: ಮನುಷ್ಯರ ದೇಹದಿಂದ ಸಹಜವಾಗಿ ಹೊರಬರುವ ಈಸ್ಟ್ರೋನ್ ಮತ್ತು ಈಸ್ಟ್ರಡಿಯೋಲ್, ಜೊತೆಗೆ ಗರ್ಭನಿರೋಧಕ ಮಾತ್ರೆಯ ಎಥಿನೈಲ್‌ಈಸ್ಟ್ರಡಿಯೋಲ್.

ಪ್ರಮಾಣ ತೀರಾ ಕಡಿಮೆ. ಒಂದು ನ್ಯಾನೊಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು. ಆದರೂ ಕೆನಡಾದ ಒಂದು ಪ್ರಾಯೋಗಿಕ ಸರೋವರಕ್ಕೆ 2001ರಿಂದ ಮೂರು ಬೇಸಿಗೆ ಗರ್ಭನಿರೋಧಕ ಮಾತ್ರೆಯ ಹಾರ್ಮೋನನ್ನು ಲೀಟರಿಗೆ ಐದಾರು ನ್ಯಾನೊಗ್ರಾಂನಷ್ಟು ಬೆರೆಸಿದಾಗ, ಅಲ್ಲಿನ ಫ್ಯಾಟ್‌ಹೆಡ್ ಮಿನೋ ಎಂಬ ಸಣ್ಣ ಮೀನಿನ ಸಂತತಿಯೇ ಹೆಚ್ಚುಕಡಿಮೆ ಅಳಿದುಹೋಯಿತು.

ಮನುಷ್ಯರ ಕೊಳಚೆಗಾದರೂ ಶುದ್ಧೀಕರಣ ಘಟಕವಿದೆ. ಸಾವಿರಾರು ದನಗಳನ್ನು ಒಂದೆಡೆ ಕೊಬ್ಬಿಸುವ ಜಾಗದ ಕೊಳಚೆ ಎಲ್ಲಿಗೆ ಹೋಗುತ್ತದೆ? ವಿಜ್ಞಾನಿಗಳು ಅಮೆರಿಕದ ನೆಬ್ರಾಸ್ಕಾ ರಾಜ್ಯದ ಇಂಥ ಜಾಗದ ಕೆಳಹರಿವಿನಲ್ಲಿ ಹುಡುಕಿದರು. 2004ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅಲ್ಲಿನ ಗಂಡು ಮಿನೋಗಳ ವೃಷಣಗಳು ಸಣ್ಣವಾಗಿದ್ದವು. ಅಲ್ಲಿ ದನಗಳ ಮೈ ಬೆಳೆಸಲು ಟ್ರೆನ್‌ಬೊಲೋನ್ ಎಂಬ ಕೃತಕ ಗಂಡು ಹಾರ್ಮೋನನ್ನೂ ಬಳಸುತ್ತಾರೆ. ಬಿಸಿಲಿಗೆ ಅದರ ಶೇಷ ಒಡೆದು ಮಾಯವಾಗುತ್ತದೆಂಬ ನಂಬಿಕೆಯಿತ್ತು. ಒಡೆದದ್ದರಲ್ಲಿ ಒಂದಿಷ್ಟು ಕತ್ತಲಲ್ಲಿ ಮರಳಿ ಮೊದಲಿನ ರೂಪಕ್ಕೆ ಬರುತ್ತದೆಂದು 2013ರಲ್ಲಿ ತಿಳಿಯಿತು. ಯುರೋಪು ಇಂಥ ಬೆಳವಣಿಗೆ ಹಾರ್ಮೋನುಗಳನ್ನು 1980ರ ದಶಕದಲ್ಲೇ ನಿಷೇಧಿಸಿದೆ.

ಗಾಳಿ ಮತ್ತು ಸಮಯ

ನಿಷೇಧದಿಂದಷ್ಟೇ ಸಮಸ್ಯೆ ಮುಗಿಯದು. ಹೊರಗಿನಿಂದ ಏನೂ ಕೊಡದಿದ್ದರೂ ಗಬ್ಬದ ಹಸು, ಹಂದಿ ತಮ್ಮ ಸಹಜ ಹಾರ್ಮೋನನ್ನು ಸಗಣಿ, ಗಂಜಲದಲ್ಲಿ ಬಿಡುತ್ತವೆ. ಯಕೃತ್ತು ಅದಕ್ಕೆ ಇನ್ನೊಂದು ಅಣುವನ್ನು ಕಟ್ಟಿ, ನಿಷ್ಕ್ರಿಯಗೊಳಿಸಿಯೇ ಗಂಜಲಕ್ಕೆ ಕಳಿಸಿರುತ್ತದೆ. ಸಗಣಿಯ ಬ್ಯಾಕ್ಟೀರಿಯಾಗಳ ಕಿಣ್ವ ಆ ಕಟ್ಟನ್ನು ಬಿಚ್ಚುತ್ತದೆ. ಹಾರ್ಮೋನು ಮತ್ತೆ ಚುರುಕಾಗುತ್ತದೆ.

ಗಾಳಿಯಾಡದ ಗುಂಡಿಯಲ್ಲಿ ಈಸ್ಟ್ರಡಿಯೋಲ್ ಈಸ್ಟ್ರೋನ್ ಆಗುತ್ತದೆ, ಈಸ್ಟ್ರೋನ್ ಮರಳಿ ಈಸ್ಟ್ರಡಿಯೋಲ್ ಆಗಬಲ್ಲದು. ಒಟ್ಟು ಮೊತ್ತ ಹೆಚ್ಚೇನೂ ಇಳಿಯುವುದಿಲ್ಲ. ಆಮ್ಲಜನಕ ಸಿಕ್ಕಾಗ ಮಾತ್ರ ಬ್ಯಾಕ್ಟೀರಿಯಾಗಳು ಆ ಅಣುವಿನ ಉಂಗುರಗಳನ್ನು ಚೆನ್ನಾಗಿ ಮುರಿಯುತ್ತವೆ. 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ರೂಪಿಸಿದ, ಕೊಳಚೆಗೆ ಗಾಳಿಯೂದುವ ಕೆಸರಿನ ವಿಧಾನ ಇಲ್ಲಿ ನೆರವಾಗುವುದು ಅದಕ್ಕೇ. ಕೆಸರು ಹೆಚ್ಚು ದಿನ ತೊಟ್ಟಿಯಲ್ಲಿದ್ದಷ್ಟೂ ಫಲ ಹೆಚ್ಚು. ಉಳಿದದ್ದನ್ನು ಓಜೋನ್ ಒಡೆಯುತ್ತದೆ, ಸಕ್ರಿಯ ಇದ್ದಿಲು ಹೀರುತ್ತದೆ. ಆದರೆ ಇವೆರಡರ ಖರ್ಚು ರೈತನ ಕೈಗೆಟುಕದು. ಕಾಂಪೋಸ್ಟ್ ಎಟುಕುತ್ತದೆ. ಅಮೆರಿಕದ ಪ್ರಯೋಗವೊಂದರಲ್ಲಿ ಕೋಳಿಗೊಬ್ಬರವನ್ನು 139 ದಿನ ಕಾಂಪೋಸ್ಟ್ ಮಾಡಿದಾಗ ನೀರಿನಲ್ಲಿ ಕರಗುವ ಈಸ್ಟ್ರಡಿಯೋಲ್ ಶೇ 84ರಷ್ಟು, ಟೆಸ್ಟೋಸ್ಟೆರೋನ್ ಶೇ 90ರಷ್ಟು ಇಳಿಯಿತು.

ಈ ರಸಾಯನಕ್ಕೆ ನಮ್ಮೂರು, ಅವರೂರು ಎಂಬ ಭೇದವಿಲ್ಲ. ಗೋಬರ್ ಗ್ಯಾಸ್ ಒಳ್ಳೆಯ ಇಂಧನ, ಸರಿ. ಆದರೆ ಅದು ನಡೆಯುವುದೇ ಗಾಳಿಯಿಲ್ಲದ ಗುಂಡಿಯಲ್ಲಿ. ಅಲ್ಲಿಂದ ಹೊರಬಂದ ಬಗ್ಗಡವನ್ನು ನೇರವಾಗಿ ಚರಂಡಿಗೋ ಕೆರೆಗೋ ಬಿಟ್ಟರೆ ಅನಿಲ ಪಡೆದೆವು, ಹಾರ್ಮೋನನ್ನು ನೀರಿಗೆ ದಾಟಿಸಿದೆವು ಎಂದಾಗುತ್ತದೆ. ಬಗ್ಗಡದ ಗಟ್ಟಿಯನ್ನು ಬೇರ್ಪಡಿಸಿ, ತಿಪ್ಪೆಗೆ ಹಾಕಿ ಆಗಾಗ ತಿರುವಿ ಗಾಳಿಯಾಡಿಸಬೇಕು. ತಿಳಿನೀರಿಗೆ ಗಾಳಿಯೂದುವ ಎರಡನೆಯ ತೊಟ್ಟಿ ಬೇಕು.

ತ್ಯಾಜ್ಯನೀರನ್ನು ನಾವು ಅಳೆಯುವುದು ಬಿಒಡಿ, ಸಿಒಡಿಗಳ, ಅಂದರೆ ಅದರ ಕೊಳೆಯನ್ನು ಒಡೆಯಲು ಬೇಕಾಗುವ ಆಮ್ಲಜನಕದ ಲೆಕ್ಕದಲ್ಲಿ. ನ್ಯಾನೊಗ್ರಾಂ ಹಾರ್ಮೋನು ಅವುಗಳ ಕಣ್ಣಿಗೆ ಬೀಳುವುದಿಲ್ಲ. ಅಳೆಯುವ ದಿನಕ್ಕಾಗಿ ಕಾದು ಕೂರಬೇಕಿಲ್ಲ. ಬಯೋಗ್ಯಾಸ್ ಸ್ಥಾವರಕ್ಕೆ ಸಹಾಯಧನ ಕೊಡುವ ಸರ್ಕಾರ ಅದೇ ಅಂದಾಜುಪಟ್ಟಿಯಲ್ಲಿ ಆ ಎರಡನೆಯ ತೊಟ್ಟಿಯನ್ನೂ ಸೇರಿಸಲಿ. ದೊಡ್ಡ ಡೇರಿಗಳಿಗೆ, ಕೋಳಿ ಫಾರಂಗಳಿಗೆ ಪರವಾನಗಿ ಕೊಡುವಾಗ ಅದನ್ನೊಂದು ಷರತ್ತಾಗಿಸಲಿ.