ಮೆಟ್ಟಿಲೂ ಹಳಿಯೂ: ಲೋಕಲ್ ಗಾಡಿ ತಡವಾಗುವುದೇಕೆ?

ನಮ್ಮ ವಾಚನಾಲಯದಲ್ಲಿ ಪ್ರತಿ ರವಿವಾರ ಬೆಳಿಗ್ಗೆ ಕಿಟಕಿಯ ಬದಿಯ ಕುರ್ಚಿಯಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದ ಹಿರಿಯರೊಬ್ಬರು ಕೆಲವು ತಿಂಗಳಿಂದ ಬರುತ್ತಿಲ್ಲ. ಕಾಯಿಲೆಯೇನೋ ಎಂದು ವಿಚಾರಿಸಿದೆವು. ಮಂಡಿನೋವು ಎಂದು ತಿಳಿಯಿತು. "ಗಾಡಿಯಲ್ಲಿ ಹೇಗೋ ನಿಂತು ಬಂದೇನು. ಆ ಸೇತುವೆಯ ಮೆಟ್ಟಿಲು ಹತ್ತುವುದು ಹೇಗೆ?" ಎಂದರು. ಅವರ ಸ್ಟೇಶನ್ನಿನಲ್ಲಿ ಲಿಫ್ಟು ಇದೆ. ಆದರೆ ಅದು ಪ್ಲಾಟ್‌ಫಾರಮಿನ ಇನ್ನೊಂದು ತುದಿಯಲ್ಲಿದೆ. ಜನಸಂದಣಿಯನ್ನು ಸೀಳಿಕೊಂಡು ಅಲ್ಲಿಗೆ ಮುಟ್ಟುವುದೇ ಒಂದು ಪ್ರಯಾಣ.

ಅದೇ ರವಿವಾರ ತರುಣ ಗುಮಾಸ್ತರೊಬ್ಬರು ಬೇರೆ ದೂರು ತಂದರು: ಗಾಡಿ ದಿನವೂ ತಡ, ಕಚೇರಿಯ ಹಾಜರಿ ಪುಸ್ತಕದಲ್ಲಿ ದಿನವೂ ಕೆಂಪು ಗೆರೆ. ಮೇಲುನೋಟಕ್ಕೆ ಈ ಎರಡು ದೂರುಗಳಿಗೆ ಸಂಬಂಧವಿಲ್ಲ. ಆದರೆ ವಿಚಾರ ಮಾಡಿದಾಗ ಎರಡೂ ಒಂದೇ ಗಂಟಿನ ಎಳೆಗಳೆಂದು ನಮಗೆ ತೋರಿತು. ಅದನ್ನೇ ಇಲ್ಲಿ ಬಿಡಿಸಿ ಹೇಳಲು ಯತ್ನಿಸಿದ್ದೇವೆ.

ಮೊದಲು ಹಳಿಯ ವಿಷಯ. 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ, ಸುಮಾರು 34 ಕಿಲೋಮೀಟರು, ಈ ಊರಿನ ಮೊದಲ ಗಾಡಿ ಓಡಿತು. 1925ರಲ್ಲಿ ಕುರ್ಲಾದವರೆಗೆ ವಿದ್ಯುತ್ ಗಾಡಿ ಬಂತು. ಇಂದು ಮುಂಬಯಿಯ ಪಶ್ಚಿಮ, ಮಧ್ಯ ಮತ್ತು ಹಾರ್ಬರ್ ಮಾರ್ಗಗಳಲ್ಲಿ ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ಲೋಕಲ್ ಓಡಾಟಗಳಿವೆ. ಆದರೆ ಎಷ್ಟೇ ಬೇಡಿಕೆ ಇದ್ದರೂ ಒಂದು ಹಳಿಯ ಮೇಲೆ ಗಾಡಿಗಳನ್ನು ಒಂದರ ಬೆನ್ನಿಗೆ ಒಂದು ಅಂಟಿಸಿ ಬಿಡುವಂತಿಲ್ಲ. ಮುಂದಿನ ಗಾಡಿ ತನ್ನ ಭಾಗವನ್ನು ಖಾಲಿಮಾಡುವ ತನಕ ಹಿಂದಿನದಕ್ಕೆ ಸಿಗ್ನಲ್ ಸಿಗದು. ಎರಡು ಗಾಡಿಗಳ ನಡುವೆ ಮೂರು ನಿಮಿಷ ಬೇಕೆಂದು ಹಿಡಿದರೆ ಗಂಟೆಗೆ 20 ಗಾಡಿ, ಅದಕ್ಕೆ ಮೇಲಿಲ್ಲ.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಯಾವುದೋ ಒಂದು ಸ್ಟೇಶನ್ನಿನಲ್ಲಿ ಪ್ರತಿ ಗಾಡಿಯೂ ಗೊತ್ತಾದ ಹೊತ್ತಿಗಿಂತ 20 ಸೆಕೆಂಡು ಹೆಚ್ಚು ನಿಂತಿತೆನ್ನಿ. ಮೂರು ನಿಮಿಷದ ಅಂತರ 200 ಸೆಕೆಂಡಾಯಿತು. ಗಂಟೆಗೆ 20ರ ಬದಲು 18 ಗಾಡಿ. ದಟ್ಟಣೆಯ ವೇಳೆ ಹನ್ನೆರಡು ಡಬ್ಬಿಯ ಗಾಡಿಯೊಂದು ನಾಲ್ಕು ಸಾವಿರಕ್ಕೂ ಮೇಲೆ ಜನರನ್ನು ಹೊರುತ್ತದೆ. ಎರಡು ಗಾಡಿ ಕಳೆದರೆ ಎಂಟು ಸಾವಿರ ಜನ ಉಳಿದ ಗಾಡಿಗಳ ಬಾಗಿಲಿಗೇ ಜೋತುಬೀಳಬೇಕು.

ಆ 20 ಸೆಕೆಂಡು ಎಲ್ಲಿಂದ ಬರುತ್ತದೆ? ಬಹುಪಾಲು ಮೆಟ್ಟಿಲಿನಿಂದ. ಗಾಡಿಯಿಂದ ಸಾವಿರ ಮಂದಿ ಇಳಿದರು. ಮೆಟ್ಟಿಲು ನಿಮಿಷಕ್ಕೆ ಇನ್ನೂರು ಮಂದಿಯನ್ನು ಮಾತ್ರ ಹತ್ತಿಸಬಲ್ಲದು. ಎಲ್ಲರೂ ಹೊರಬೀಳಲು ಐದು ನಿಮಿಷ ಬೇಕು. ಮೂರನೆಯ ನಿಮಿಷಕ್ಕೇ ಮುಂದಿನ ಗಾಡಿ ಬಂದು ನಿಲ್ಲುತ್ತದೆ. ಹಳೆಯ ಗುಂಪು ಕರಗಿಲ್ಲ, ಹೊಸ ಗುಂಪು ಇಳಿಯಲು ಜಾಗವಿಲ್ಲ, ಹತ್ತುವವರು ಬಾಗಿಲಿಗೆ ಮುಟ್ಟಲಾರರು. ಗಾರ್ಡು ಗಂಟೆ ಕೊಡಲಾರ. ಹಿಂದಿನ ಗಾಡಿ ಸಿಗ್ನಲಿನಲ್ಲಿ ನಿಂತಿತು. ಹಿರಿಯರ ಮಂಡಿಯನ್ನು ತಡೆದ ಮೆಟ್ಟಿಲೇ ತರುಣರ ಹಾಜರಿಯನ್ನೂ ತಡೆಯಿತು.

ಇದು ಬರಿಯ ತಡದ ಮಾತಾಗಿ ಉಳಿಯುವುದಿಲ್ಲ. ಪರೇಲ್ ಸುತ್ತಮುತ್ತ ಗಿರಣಿಗಳಿದ್ದ ಕಾಲ ನಮ್ಮಲ್ಲಿ ಕೆಲವರಿಗೆ ನೆನಪಿದೆ. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆ ಜಾಗದಲ್ಲಿ ಎತ್ತರದ ಕಚೇರಿಗಳು ಎದ್ದವು. ಕೆಲಸಕ್ಕೆ ಬರುವವರ ಸಂಖ್ಯೆ ಬೆಳೆಯಿತು, ಸೇತುವೆ ಮಾತ್ರ ಬೆಳೆಯಲಿಲ್ಲ. 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ, ಮಳೆಯ ಹೊತ್ತಿನಲ್ಲಿ, ಎಲ್ಫಿನ್‌ಸ್ಟನ್ ರೋಡಿನ ಇಕ್ಕಟ್ಟಾದ ಮೆಟ್ಟಿಲಿನ ಮೇಲೆ ಕಾಲ್ತುಳಿತವಾಗಿ 23 ಮಂದಿ ಪ್ರಾಣ ಕಳೆದುಕೊಂಡರು. ಅನಂತರ ಸೈನ್ಯದವರು ಅಲ್ಲಿ ಹೊಸ ಸೇತುವೆ ಕಟ್ಟಿದರು. 2018ರ ಫೆಬ್ರವರಿಯಲ್ಲಿ ಅದು ತೆರೆಯಿತು. ಅದೇ ವರ್ಷ ಸ್ಟೇಶನ್ನಿಗೆ ಪ್ರಭಾದೇವಿ ಎಂದು ಹೆಸರಾಯಿತು. ತಿಂಗಳುಗಳಲ್ಲಿ ಆಗಬಹುದಾದ ಕೆಲಸ 23 ಜೀವ ಹೋಗುವ ತನಕ ಆಗಿರಲಿಲ್ಲವಲ್ಲ ಎಂಬುದೇ ನಮ್ಮ ಸಂಕಟ.

ಮೆಟ್ಟಿಲು ಹತ್ತಲಾರದವರೂ ಕಾಯಲಾರದವರೂ ಹಳಿಗೆ ಇಳಿಯುತ್ತಾರೆ. ಮುಂಬಯಿಯ ಉಪನಗರ ಮಾರ್ಗಗಳಲ್ಲಿ 2023ರಲ್ಲೂ 2024ರಲ್ಲೂ ವರ್ಷಕ್ಕೆ ಎರಡು ಸಾವಿರಕ್ಕೂ ಮೇಲೆ ಜನ ಸತ್ತರು. ಅದರಲ್ಲಿ ದೊಡ್ಡ ಪಾಲು ಹಳಿ ದಾಟುವಾಗ ಸತ್ತವರದು.

ಹಾಗಾದರೆ ಹೊಸ ಹಳಿ ಹಾಕಬಾರದೇ ಎಂದು ಕೇಳಬಹುದು. ಹಾಕುತ್ತಿದ್ದಾರೆ. ಠಾಣೆ ಮತ್ತು ದಿವಾ ನಡುವಿನ ಐದನೆಯ, ಆರನೆಯ ಹಳಿ 2022ರ ಫೆಬ್ರವರಿಯಲ್ಲಿ ತೆರೆದವು. ದೂರದ ಗಾಡಿಗಳಿಗೆ ಅಲ್ಲಿ ಬೇರೆ ದಾರಿಯಾಯಿತು. ಆದರೆ ಆ ಕೆಲಸಕ್ಕೆ ಹತ್ತು ವರ್ಷಕ್ಕೂ ಮೇಲೆ ಹಿಡಿಯಿತು. ಹಳಿಯ ಎರಡೂ ಬದಿಗೆ ಮನೆಗಳು ಒತ್ತಿ ನಿಂತಿರುವ ಊರಿನಲ್ಲಿ ಹಳಿ ನಿಧಾನವಾಗಿಯೇ ಬರುತ್ತದೆ. ಅಗಲವಾದ ಮೆಟ್ಟಿಲು, ಇನ್ನೊಂದು ಸೇತುವೆ, ಸರಿಯಾದ ಜಾಗದಲ್ಲಿ ಲಿಫ್ಟು ಬೇಗ ಬರಬಲ್ಲವು. ಪ್ಲಾಟ್‌ಫಾರಂ ಎತ್ತರಿಸುವುದೂ ಹಾಗೆಯೇ. ಉಪನಗರ ಪ್ಲಾಟ್‌ಫಾರಮಿನ ಎತ್ತರವನ್ನು 920 ಮಿಲಿಮೀಟರಿಗೆ ಏರಿಸಿದ್ದರಿಂದ ಕಾಲು ಸಿಕ್ಕುವ ಅಪಾಯವೂ ಇಳಿಯುವ ಹೊತ್ತೂ ಕಡಿಮೆಯಾಗುತ್ತವೆ. ಅಶಕ್ತರಿಗೆಂದು ಮಾಡಿದ ಅನುಕೂಲ ಶಕ್ತರ ಗಾಡಿಯನ್ನೂ ಬೇಗ ಹೊರಡಿಸುತ್ತದೆ.

ಇದು ದಯೆಯ ಮಾತೂ ಅಲ್ಲ, ಕಾನೂನಿನ ಮಾತು. ವಿಕಲಾಂಗರ ಹಕ್ಕುಗಳ 2016ರ ಕಾಯಿದೆಯಂತೆ, ನಿಯಮಗಳು ಪ್ರಕಟವಾದ ಐದು ವರ್ಷಗಳಲ್ಲಿ ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಎಲ್ಲರೂ ಬಳಸುವಂತೆ ಸರಿಪಡಿಸಬೇಕಿತ್ತು. ನಿಯಮಗಳು 2017ರಲ್ಲಿ ಬಂದವು. ಗಡುವು 2022ರಲ್ಲಿ ಮುಗಿದಿದೆ.

ನಾವು ಮಾಡಬಹುದಾದದ್ದೂ ಇದೆ. ಗಾಡಿ ಇಳಿದೊಡನೆ ಮೆಟ್ಟಿಲಿನ ಬುಡದಲ್ಲಿ ನಿಂತು ಫೋನಿನಲ್ಲಿ ಮಾತಾಡದಿರೋಣ. ಬಾಗಿಲಲ್ಲಿ ಇಳಿಯುವವರಿಗೆ ಮೊದಲು ದಾರಿ ಬಿಡೋಣ. ವಿಕಲಾಂಗರ ಡಬ್ಬಿಯನ್ನು ಅದು ಬೇಕಾದವರಿಗೇ ಬಿಡೋಣ. ಕೆಟ್ಟ ಲಿಫ್ಟು, ಒಡೆದ ಮೆಟ್ಟಿಲು ಕಂಡರೆ 139ಕ್ಕೆ ತಿಳಿಸೋಣ. ದೂರು ಬರೆಯುವಾಗ ಸ್ಟೇಶನ್, ಪ್ಲಾಟ್‌ಫಾರಂ ಸಂಖ್ಯೆ, ದಿನ, ವೇಳೆ ಇವಿಷ್ಟನ್ನು ಬರೆದರೆ ಸಾಕು, ಸಿಟ್ಟು ಬರೆಯಬೇಕಾಗಿಲ್ಲ. ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಬರೆಯಲು ತೊಡಕಿರುವ ಬಂಧುಗಳು ಸಂಜೆಯ ಹೊತ್ತು ವಾಚನಾಲಯಕ್ಕೆ ಬಂದರೆ ನಾವು ಕೂತು ಬರೆದುಕೊಡುತ್ತೇವೆ.

ಮೊದಲ ಅರ್ಜಿ ಆ ಹಿರಿಯರ ಸ್ಟೇಶನ್ನಿನ ಲಿಫ್ಟಿನ ಬಗ್ಗೆ. ಇದುವರೆಗೆ 31 ಸಹಿ ಬಿದ್ದಿವೆ. ಕಾಗದ ಮೇಜಿನ ಮೇಲಿದೆ. ಕಿಟಕಿಯ ಬದಿಯ ಕುರ್ಚಿಯನ್ನು ಇನ್ನೂ ಖಾಲಿಯಾಗಿಯೇ ಇಟ್ಟಿದ್ದೇವೆ.