ಇಂಗ್ಲಿಷ್ ಹೋಂವರ್ಕ್ ಫಲ ಕೊಡಬೇಕಾದರೆ

ಕರ್ನಾಟಕದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲಾಗುತ್ತಿದೆ. ಶಾಲೆಯ ಹೊರಗೆ ಆ ಭಾಷೆ ಕಿವಿಗೆ ಬೀಳುವುದೇ ಅಪರೂಪವಾದ ಊರುಗಳಲ್ಲಿ ಹೋಂವರ್ಕ್‌ನ ಮಹತ್ವ ದೊಡ್ಡದು.

ಗೈಡ್ ನೋಡಿ ಪ್ರಶ್ನೋತ್ತರ ಬರೆದರೆ ಅಕ್ಷರ ದುಂಡಗಾಗಬಹುದು, ಭಾಷೆ ಬರುವುದಿಲ್ಲ. ಮಗು ಅರ್ಥ ತಿಳಿದು ತನ್ನದೇ ವಾಕ್ಯ ಕಟ್ಟಬೇಕು. ತರಗತಿಯಲ್ಲಿ ‘ಐ ಹ್ಯಾವ್ ಎ ಬುಕ್’ ಎಂಬ ಮಾದರಿ ಕಲಿಸಿದ್ದರೆ, ತನ್ನ ಬಳಿಯಿರುವ ಐದು ವಸ್ತುಗಳ ಬಗ್ಗೆ ಹಾಗೆಯೇ ಬರೆದು, ಮನೆಯವರೆದುರು ಗಟ್ಟಿಯಾಗಿ ಓದಲು ಹೇಳಬಹುದು. ಇಂಗ್ಲಿಷ್ ಬಾರದ ತಂದೆತಾಯಿಯೂ “ಹಾಗಂದರೇನು?” ಎಂದು ಕೇಳಿ ಕನ್ನಡದಲ್ಲಿ ಅರ್ಥ ಹೇಳಿಸಬಹುದು.

ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲೇ ವೇಗವಾಗಿ ಮರೆತುಹೋಗುತ್ತದೆ, ಬಿಡುವು ಕೊಟ್ಟು ಮತ್ತೆ ಮತ್ತೆ ಓದಿದರೆ ಉಳಿಯುತ್ತದೆ ಎಂದು ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹಾಸ್ 1885ರಲ್ಲೇ ತೋರಿಸಿದರು. ಹಾಗಾಗಿ ಭಾನುವಾರ ಒಟ್ಟಿಗೆ ಇಪ್ಪತ್ತು ಪದ ಬರೆಸುವುದಕ್ಕಿಂತ ದಿನಕ್ಕೆ ನಾಲ್ಕೈದು ಪದ ಕೊಟ್ಟು, ಎರಡು ದಿನ ಬಿಟ್ಟು ಅವನ್ನೇ ಮತ್ತೆ ಕೇಳುವುದು ಒಳ್ಳೆಯದು.

ತಿದ್ದುವಾಗ ಪುಟವಿಡೀ ಕೆಂಪು ಗೆರೆ ಎಳೆಯದೆ ಒಂದೆರಡು ಮುಖ್ಯ ತಪ್ಪುಗಳನ್ನು ಗುರುತಿಸಿ, ಮಗುವಿನಿಂದಲೇ ಸರಿಮಾಡಿಸಬೇಕು. ಶಿಕ್ಷಕರು ತೆರೆದು ನೋಡದ ಹೋಂವರ್ಕನ್ನು ಕೊಡದಿರುವುದೇ ಮೇಲು.